ನೇಪಿಯರ್ ದಂಟನ್ನು ಹಸು ಬಿಡುವುದೇಕೆ?

ಪ್ರಶ್ನೆ: 20 ಗುಂಟೆಯಲ್ಲಿ ಸೂಪರ್ ನೇಪಿಯರ್ ಎಂಬ ಮೇವಿನ ಹುಲ್ಲು ಹಾಕಿದ್ದೇನೆ. ಆಳೆತ್ತರ ಮೀರಿ ಬೆಳೆದಿದೆ. ಆದರೆ ಮೂರು ಸೀಮೆಹಸುಗಳೂ ಎಲೆ ತಿಂದು ದಂಟನ್ನು ಗೋದಲಿಯಲ್ಲೇ ಬಿಡುತ್ತವೆ. ಹಸಿರು ಮೇವು ಧಾರಾಳವಾಗಿದೆಯೆಂದು ರಾಗಿ ಹುಲ್ಲು ನಿಲ್ಲಿಸಿದ ಮೇಲೆ ಹಾಲಿನ ಫ್ಯಾಟ್ ಕೂಡ ಇಳಿದಿದೆ. ತಳಿ ಬದಲಿಸಬೇಕೇ?
– ಒಬ್ಬ ಓದುಗರು, ತುಮಕೂರು ಜಿಲ್ಲೆ

ಉತ್ತರ: ಬುಡ ಕೀಳುವ ಮೊದಲು ಗೋದಲಿಯಲ್ಲಿ ಉಳಿದ ದಂಟೊಂದನ್ನು ಉಗುರಿನಿಂದ ಒತ್ತಿ ನೋಡಿ. ಉಗುರು ಇಳಿಯದಿದ್ದರೆ ಹುಲ್ಲು ಬಲಿತಿದೆ ಎಂದರ್ಥ. ಯಾವ ತಳಿ ತಂದರೂ ಬಲಿಯಲು ಬಿಟ್ಟರೆ ಹೀಗೆಯೇ ಆಗುತ್ತದೆ. ನಾಟಿಯಾದ ಮೇಲೆ ಮೊದಲ ಕಟಾವಿಗೆ 70–75 ದಿನ ಬೇಕು. ಆಮೇಲೆ ಸುಮಾರು 45 ದಿನಕ್ಕೊಮ್ಮೆ ಕೊಯ್ಯಲೇಬೇಕು. ಇನ್ನಷ್ಟು ಬೆಳೆಯಲೆಂದು ಬಿಟ್ಟರೆ ತೂಕವೇನೋ ಸಿಗುತ್ತದೆ, ಆದರೆ ನಾರು ಗಡುಸಾಗಿ ಪ್ರೊಟೀನ್ ಇಳಿಯುತ್ತದೆ. ಕಷ್ಟಪಟ್ಟು ಹೊತ್ತು ತಂದದ್ದು ತಿಪ್ಪೆ ಸೇರುತ್ತದೆ.

ತಾಕನ್ನು ಏಳು ಪಟ್ಟಿ ಮಾಡಿ ವಾರಕ್ಕೊಂದರಂತೆ ಕೊಯ್ಯಿರಿ. ಏಳನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಹದಕ್ಕೆ ಬಂದಿರುತ್ತದೆ. ನೆಲದಿಂದ ನಾಲ್ಕೈದು ಬೆರಳಷ್ಟೇ ಬಿಟ್ಟು ಕೊಯ್ದರೆ ಬುಡದಿಂದ ಚೆನ್ನಾಗಿ ತೆಂಡೆ (ಹೊಸ ಕವಲು) ಒಡೆಯುತ್ತದೆ. ಕೊಯ್ದ ಪಟ್ಟಿಗೆ ಕೊಟ್ಟಿಗೆಯ ಸಗಣಿ ಬಗ್ಗಡ, ಗಂಜಲ ಹರಿಸಿ ನೀರು ಕೊಡಿ. ಇಷ್ಟು ಬೆಳೆಯುವ ಹುಲ್ಲು ಮಣ್ಣಿನ ಸಾರವನ್ನೂ ಅಷ್ಟೇ ಹೀರುತ್ತದೆ. ಮೇವನ್ನು ಕತ್ತರಿಸಿಯೇ ಹಾಕಿ.

ರಾಗಿ ಹುಲ್ಲನ್ನು ಮಾತ್ರ ದಯವಿಟ್ಟು ಮತ್ತೆ ಶುರು ಮಾಡಿ. ಎಲೆಯನ್ನಷ್ಟೇ ತಿಂದ ಹಸು ಸಾಕಷ್ಟು ಮೆಲುಕು ಹಾಕುವುದಿಲ್ಲ. ಫ್ಯಾಟ್ ಇಳಿಯಲು ಬಹುತೇಕ ಇದೇ ಕಾರಣ. ಹಸುವೊಂದಕ್ಕೆ ದಿನಕ್ಕೆ 25 ಕಿಲೋ ಹಸಿರು ಮೇವು, ನಾಲ್ಕೈದು ಕಿಲೋ ಒಣಹುಲ್ಲು ಇರಲಿ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಎಂಬ ಅಂಶವು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ 50 ಗ್ರಾಂ ಖನಿಜ ಮಿಶ್ರಣವನ್ನೂ ತಪ್ಪಿಸಬೇಡಿ.

ಧಾರವಾಡದ ಡಿಎಚ್‌ಎನ್-6, ಕೊಯಮತ್ತೂರಿನ ಸಿಒ-5 ಒಳ್ಳೆಯ ತಳಿಗಳೇ. ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಸ ತಳಿಗಿಂತ ಮೊದಲು ದ್ವಿದಳ ಮೇವು ಹಾಕುತ್ತಿದ್ದೆ. ನೀರಿದ್ದರೆ ಮೂರು ಹಸುಗಳಿಗೆ 15 ಗುಂಟೆ ನೇಪಿಯರ್ ಸಾಕು. ಉಳಿದ 5 ಗುಂಟೆಗೆ ಬೇಲಿಮೆಂತೆ, ಅಲಸಂದೆ ಬಿತ್ತಿ. ಹುಲ್ಲು ಮೂರು ಪಾಲು, ಇದು ಒಂದು ಪಾಲು ಬೆರೆಸಿ ಹಾಕಿದರೆ ಹಿಂಡಿಯ ಖರ್ಚು ತಗ್ಗುತ್ತದೆ.

ಈಗ ಬಲಿತು ನಿಂತಿರುವ ದಂಟನ್ನು ಎಸೆಯಬೇಡಿ. ನಾಟಿಗೆ ಬೇಕಾದದ್ದು ಅಂಥದೇ. ಎರಡು ಕಣ್ಣಿನ (ಗೆಣ್ಣಿನಲ್ಲಿ ಮೊಳೆಯುವ ಮೊಗ್ಗು) ತುಂಡು ಮಾಡಿ, ಒಂದು ಕಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ನೆಡಲು ಹೇಳಿ ಅಕ್ಕಪಕ್ಕದವರಿಗೆ ಕೊಡಿ. ಸಾಲಿಗೆ ಮೂರು ಅಡಿ, ಬುಡಕ್ಕೆ ಎರಡು ಅಡಿ ಅಂತರವಿರಲಿ.