ಎಂಜಿನ್ ಹೊತ್ತುವಾಗ ನಾಜಲ್ ಯಾಕೆ ಅದುರುತ್ತದೆ?

ಪ್ರಶ್ನೆ: ರಾಕೆಟ್ ಎಂಜಿನ್ ಹೊತ್ತಿಕೊಳ್ಳುವಾಗ ನಾಜಲ್ (ಬಿಸಿ ಅನಿಲ ಹೊರಬರುವ ಗಂಟೆಯಾಕಾರದ ಕೊಳವೆ) ಗಡಗಡ ಅಲುಗಾಡುವ ವಿಡಿಯೋ ನೋಡಿದೆ. ಒಡೆಯುವುದಿಲ್ವಾ? ಅಷ್ಟೊಂದು ನೀರು ಸುರಿಯುವುದು ಬೆಂಕಿ ಆರಿಸಲಿಕ್ಕಾ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಚೆನ್ನಾಗಿ ಗಮನಿಸಿದ್ದೀರಿ! ಮೇಲೆ ಗಾಳಿ ತೆಳುವಾದಾಗಲೂ ಚೆನ್ನಾಗಿ ಕೆಲಸ ಮಾಡಲಿ ಅಂತ ನಾಜಲ್‌ನ ಬಾಯಿ ಅಗಲ ಮಾಡಿರುತ್ತಾರೆ. ಶುರುವಿನಲ್ಲಿ ಒಳಗಿನ ಒತ್ತಡ ಇನ್ನೂ ಏರಿರುವುದಿಲ್ಲ. ಹೊರಗಿನ ಗಾಳಿ ಅಂಚಿನಿಂದ ಒಳನುಗ್ಗಿ ಬಿಸಿ ಅನಿಲವನ್ನು ಗೋಡೆಯಿಂದ ಬಿಡಿಸುತ್ತದೆ. ಎಲ್ಲ ಕಡೆ ಒಂದೇ ಸಮ ಬಿಡುವುದಿಲ್ಲ, ಅದೇ ತಕರಾರು. ಒಮ್ಮೆ ಈ ಬದಿಗೆ, ಒಮ್ಮೆ ಆ ಬದಿಗೆ ತಳ್ಳುತ್ತದೆ. ನಮ್ಮ ಅಡಿಕೆ ತೋಟದಲ್ಲಿ ಪಂಪು ಹಾಕಿದ ಕೂಡಲೇ ಪೈಪು ಹೊರಳಾಡುತ್ತದಲ್ವಾ, ನೋಡಲಿಕ್ಕೆ ಹಾಗೆಯೇ. ಒತ್ತಡ ಪೂರ್ತಿ ಏರಿದ ಮೇಲೆ ಅನಿಲ ಗೋಡೆಗೆ ಅಂಟಿಕೊಂಡು ಹರಿಯುತ್ತದೆ, ನಡುಕ ತಗ್ಗುತ್ತದೆ. ಆ ಕೆಲವೇ ಸೆಕೆಂಡುಗಳ ಹೊಡೆತ ತಡೆಯುವಷ್ಟು ಗಟ್ಟಿಯಾಗಿ ಅದನ್ನು ಕಟ್ಟಿರುತ್ತಾರೆ.

ನೀರು ಮುಖ್ಯವಾಗಿ ಸದ್ದು, ಅಂದರೆ ಗಾಳಿಯಲ್ಲಿ ಹರಡುವ ಒತ್ತಡದ ಅಲೆ, ತಗ್ಗಿಸಲಿಕ್ಕೆ. 1981ರ ಏಪ್ರಿಲ್ 12ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾ ಷಟಲ್ ಮೊದಲ ಸಲ ಹಾರಿದಾಗ, ಘನ ಇಂಧನದ ಬೂಸ್ಟರ್‌ಗಳು (ಮೇಲೇರಲು ನೆರವಾಗುವ ಪಕ್ಕದ ರಾಕೆಟ್‌ಗಳು) ಹೊತ್ತಿದ ಕ್ಷಣ ಎದ್ದ ಒತ್ತಡದ ಅಲೆ ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಟ್ಯಾಂಕೊಂದರ ಆಸರೆ ಸರಳೇ ಬಾಗಿತ್ತು! ಆಮೇಲೆ ಬೂಸ್ಟರ್‌ಗಳ ಕೆಳಗೇ ನೀರು ಚಿಮ್ಮಿಸುವ ಏರ್ಪಾಡು ಮಾಡಿದರು. ನೀರು ಅಲೆಯ ಶಕ್ತಿಯನ್ನು ಹೀರುತ್ತದೆ. ಮುಂದಿನ ಹಾರಾಟದಲ್ಲಿ ಆ ಹೊಡೆತ ಬಹಳ ತಗ್ಗಿತು.