ಸ್ಟುಡಿಯೋ ಕೆಡಿಸಿತೋ, ನಿರ್ದೇಶಕರೇ ಕೆಡಿಸಿದರೋ? ಓದುಗರ ಪ್ರಶ್ನೆಗೆ ಸಂಕಲನಕಾರರ ಉತ್ತರ

ದೊಡ್ಡ ಸೂಪರ್‌ಹೀರೋ ಚಿತ್ರವೊಂದು ನೆಲಕಚ್ಚಿದರೆ ಸಾಕು, ಈ ಅಂಕಣಕ್ಕೆ ಒಂದೇ ತರಹದ ಪತ್ರಗಳು ಬರುತ್ತವೆ. ಊರು ಬೇರೆ, ಚಿತ್ರ ಬೇರೆ, ಕೇಳುವುದು ಮಾತ್ರ ಅದನ್ನೇ. ಬಿಡಿಬಿಡಿಯಾಗಿ ಉತ್ತರಿಸುವ ತಾಳ್ಮೆ ಉಳಿದಿಲ್ಲ, ಅದಕ್ಕೇ ಈ ಸಲ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ರೀಶೂಟ್ ಎಂದರೇನು, ನಿರ್ಮಾಪಕರ ಕೆಲಸವೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಪ್ರತಿ ಚಿತ್ರಕ್ಕೂ ನಿರ್ದೇಶಕರ ಪೂರ್ತಿ ಆವೃತ್ತಿಯೊಂದು ಸ್ಟುಡಿಯೋದಲ್ಲಿ ಇರುತ್ತದಂತೆ. ಯಾಕೆ ಬಿಡುಗಡೆ ಮಾಡುವುದಿಲ್ಲ? (ಮಾಟುಂಗಾ)

ಪೂರ್ತಿ ಆವೃತ್ತಿ ಇರುವುದಿಲ್ಲ. ಇರುವುದು ಬೇರೆ ಚಿತ್ರಗಳಿಂದ ತಂದ ತಾತ್ಕಾಲಿಕ ಸಂಗೀತ, ಹಸಿರು ಪರದೆ, ಗ್ರಾಫಿಕ್ಸ್ ಪಾತ್ರಗಳ ಜಾಗದಲ್ಲಿ ಬೂದು ಬಣ್ಣದ ಬೊಂಬೆಗಳು ಓಡಾಡುವ ಅರೆಬೆಂದ ಕಟ್, ಅಂದರೆ ಸಂಕಲನದ ಒಂದು ಆವೃತ್ತಿ. ನಿರ್ದೇಶಕ ಜ್ಯಾಕ್ ಸ್ನೈಡರ್ ಅವರ 242 ನಿಮಿಷಗಳ 'ಜಸ್ಟೀಸ್ ಲೀಗ್' 2021ರ ಮಾರ್ಚ್‌ನಲ್ಲಿ ಬಂದದ್ದು ಕೋಟ್ಯಂತರ ಡಾಲರ್ ಮತ್ತೆ ಸುರಿದ ಮೇಲೆ.

2025ರ 'ಸೂಪರ್‌ಮ್ಯಾನ್'ನಲ್ಲಿ ಚುಂಬನದ ದೃಶ್ಯ ತುಂಡಾಗಿತ್ತು. ಇದೂ ಸ್ಟುಡಿಯೋ ಹಸ್ತಕ್ಷೇಪವೇ? (ಠಾಣೆ)

ಅಲ್ಲ. ಅದು ನಮ್ಮ ಸೆನ್ಸಾರ್ ಮಂಡಳಿಯ ಕತ್ತರಿ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಚಿತ್ರ ನೋಡಿಯೇ ಸ್ಟುಡಿಯೋ ಎಲ್ಲಿ ಕೈಯಾಡಿಸಿದೆ, ನಿರ್ದೇಶಕರು ಎಲ್ಲಿ ಎಡವಿದ್ದಾರೆ ಎಂದು ಗುರುತಿಸಬಹುದೇ? ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. (ಡೊಂಬಿವಲಿ)

ತಕ್ಕಮಟ್ಟಿಗೆ ಗುರುತಿಸಬಹುದು. ಯಾರು ಕೈಹಾಕಿದರು ಎನ್ನುವುದಕ್ಕಿಂತ ಯಾವಾಗ ಕೈಹಾಕಿದರು ಎಂದು ಮೊದಲು ನೋಡಿ. ಈ ಸರಣಿಗಳಲ್ಲಿ ಬಿಡುಗಡೆಯ ದಿನ ಎಷ್ಟೋ ಸಲ ನಿರ್ದೇಶಕರು ಬರುವ ಮೊದಲೇ ಘೋಷಣೆಯಾಗಿರುತ್ತದೆ. ಉಳಿದ ಎಲ್ಲ ಕೆಲಸವನ್ನೂ ಆ ದಿನದಿಂದ ಹಿಂದಕ್ಕೆ ಎಣಿಸಿ ಹಂಚುತ್ತಾರೆ. ದೊಡ್ಡ ಹೊಡೆದಾಟಗಳ ಪ್ರಿವಿಸ್, ಅಂದರೆ ಕ್ಯಾಮೆರಾ ಇಡುವ ಮೊದಲೇ ಕಂಪ್ಯೂಟರಿನಲ್ಲಿ ತಯಾರಾಗುವ ಒರಟು ಅನಿಮೇಶನ್, ಚಿತ್ರಕಥೆ ಕೈಸೇರುವ ಮುಂಚೆಯೇ ಶುರುವಾಗುವುದುಂಟು. 'ಬ್ಲ್ಯಾಕ್ ವಿಡೋ'ಗಾಗಿ ತಮ್ಮನ್ನು ಕರೆದಾಗ, ಸಾಹಸ ದೃಶ್ಯಗಳ ಚಿಂತೆ ನಿಮಗೆ ಬೇಡ, ಅದನ್ನು ನಾವು ನೋಡಿಕೊಳ್ಳುತ್ತೇವೆ ಎಂಬರ್ಥದ ಮಾತು ಬಂತೆಂದು ಅರ್ಜೆಂಟೀನಾದ ನಿರ್ದೇಶಕಿ ಲುಕ್ರೇಸಿಯಾ ಮಾರ್ತೆಲ್ 2018ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಹಾಗಾಗಿ ಇಂಥ ಸರಣಿಯಲ್ಲಿ ಕೊನೆಯ ಅರ್ಧಗಂಟೆಯ ಗದ್ದಲ ನೋಡಿ ನಿರ್ದೇಶಕರನ್ನು ಅಳೆಯಬೇಡಿ. ಇಬ್ಬರು ಪಾತ್ರಧಾರಿಗಳು ಒಂದು ಕೋಣೆಯಲ್ಲಿ ಕೂತು ಮಾತಾಡುವ ದೃಶ್ಯ ನೋಡಿ ಅಳೆಯಿರಿ. ಅಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು, ಯಾವ ಮಾತಿಗೆ ಎಷ್ಟು ಹೊತ್ತು ಮೌನ ಬಿಡಬೇಕು ಎಂಬುದು ಬಹುಮಟ್ಟಿಗೆ ಅವರ ಕೈಯಲ್ಲೇ ಇರುತ್ತದೆ.

ಈಗ ದಿನಾಂಕಗಳಿಗೆ ಬನ್ನಿ. 'ಆಂಟ್-ಮ್ಯಾನ್'ನಿಂದ ನಿರ್ದೇಶಕ ಎಡ್ಗರ್ ರೈಟ್ ಹೊರನಡೆದದ್ದು 2014ರ ಮೇ ತಿಂಗಳಲ್ಲಿ. ಅವರ ಜಾಗಕ್ಕೆ ಪೇಟನ್ ರೀಡ್ ಬಂದರು, ಆಗಸ್ಟ್‌ನಲ್ಲಿ ಚಿತ್ರೀಕರಣ ಶುರುವಾಯಿತು, ಚಿತ್ರ 2015ರ ಜುಲೈಗೆ ತೆರೆಕಂಡಿತು. ವರ್ಷಗಟ್ಟಲೆ ಆ ಚಿತ್ರವನ್ನು ಕಟ್ಟಿದ್ದ ರೈಟ್‌ಗೆ ಆದದ್ದು ದೊಡ್ಡ ನಷ್ಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಟುಡಿಯೋ ಜೊತೆಗಿನ ಜಗಳ ಚಿತ್ರೀಕರಣಕ್ಕೆ ಮುನ್ನ ಕಾಗದದ ಮೇಲೆಯೇ ಮುಗಿದಿದ್ದರಿಂದ ತೆರೆಯ ಮೇಲೆ ಬಂದದ್ದು ಒಂದೇ ದನಿಯ ಚಿತ್ರ. 'ಜಸ್ಟೀಸ್ ಲೀಗ್' ಕಥೆ ತದ್ವಿರುದ್ಧ. ಮುಖ್ಯ ಚಿತ್ರೀಕರಣ ಮುಗಿದು ಎಷ್ಟೋ ತಿಂಗಳ ಮೇಲೆ, 2017ರ ಮೇ ತಿಂಗಳಲ್ಲಿ, ಮಗಳನ್ನು ಕಳೆದುಕೊಂಡ ಸ್ನೈಡರ್ ದೂರ ಸರಿದರು. ಇನ್ನೊಬ್ಬ ನಿರ್ದೇಶಕ ಜಾಸ್ ವೀಡನ್ ರೀಶೂಟ್, ಅಂದರೆ ದೃಶ್ಯಗಳನ್ನು ಮತ್ತೆ ತೆಗೆಯುವ ಕೆಲಸ, ವಹಿಸಿಕೊಂಡರು. ನವೆಂಬರ್ 17ರ ಬಿಡುಗಡೆ ಮಾತ್ರ ಒಂದು ದಿನವೂ ಕದಲಲಿಲ್ಲ. ಆರು ತಿಂಗಳೊಳಗೆ ಹೊಸ ದೃಶ್ಯ ಬರೆದು, ತೆಗೆದು, ಹಳೆಯದಕ್ಕೆ ಹೊಲಿದು, ಸಂಗೀತವನ್ನೂ ಜಂಕಿ ಎಕ್ಸ್‌ಎಲ್ ಕೈಯಿಂದ ಡ್ಯಾನಿ ಎಲ್ಫ್‌ಮನ್ ಕೈಗೆ ದಾಟಿಸಿ ಎರಡು ಗಂಟೆಯ ಚಿತ್ರ ಒಪ್ಪಿಸಬೇಕಾಯಿತು. ಬ್ರಹ್ಮ ಬಂದರೂ ಹೊಲಿಗೆ ಕಾಣದಂತೆ ಮಾಡಲಾಗುತ್ತಿರಲಿಲ್ಲ.

ಹೊಲಿಗೆ ಹುಡುಕುವ ಕ್ರಮ ಹೀಗೆ. ಮೊದಲು ಮೂಲ ಇಂಗ್ಲಿಷ್ ಧ್ವನಿಯ ಪ್ರತಿಯನ್ನು ಇಟ್ಟುಕೊಳ್ಳಿ. ಕನ್ನಡ, ಹಿಂದಿ ಡಬ್‌ನಲ್ಲಿ ತುಟಿಗೂ ಮಾತಿಗೂ ಹೇಗೂ ತಾಳೆಯಾಗದು, ಅರ್ಧ ಸಾಕ್ಷ್ಯ ಅಲ್ಲೇ ಕಳೆದುಹೋಗುತ್ತದೆ. ಆಮೇಲೆ ಕೂದಲು ನೋಡಿ. ತಿಂಗಳುಗಳ ನಂತರ ಕಲಾವಿದರನ್ನು ವಾಪಸ್ ಕರೆಸಿದಾಗ ಅವರು ಬೇರೊಂದು ಚಿತ್ರದ ಕೇಶವಿನ್ಯಾಸದಲ್ಲಿರುತ್ತಾರೆ. 2015ರ 'ಫೆಂಟಾಸ್ಟಿಕ್ ಫೋರ್'ನಲ್ಲಿ ಕೇಟ್ ಮಾರಾ ಅವರ ವಿಗ್ ಕಂಡ ದೃಶ್ಯಗಳನ್ನೆಲ್ಲ ಬರೆದುಕೊಂಡರೆ ರೀಶೂಟ್‌ನ ಪಟ್ಟಿಯೇ ಕೈಗೆ ಬರುತ್ತದೆ. 'ಜಸ್ಟೀಸ್ ಲೀಗ್'ನಲ್ಲಿ ಹೆನ್ರಿ ಕ್ಯಾವಿಲ್ ಇನ್ನೊಂದು ಸ್ಟುಡಿಯೋದ ಚಿತ್ರಕ್ಕಾಗಿ ಮೀಸೆ ಬಿಟ್ಟಿದ್ದರು, ತೆಗೆಯುವ ಹಾಗಿರಲಿಲ್ಲ. ಚಿತ್ರದ ಮೊದಲ ದೃಶ್ಯ, ಮಕ್ಕಳು ಮೊಬೈಲಿನಲ್ಲಿ ಸೂಪರ್‌ಮ್ಯಾನ್‌ನನ್ನು ಮಾತಾಡಿಸುವುದು, ಅದನ್ನು ನಿಲ್ಲಿಸಿ ನೋಡಿ. ಮೂಗಿನಿಂದ ಕೆಳಗೆ ತುಟಿಯವರೆಗಿನ ಭಾಗ ಮಾತಿನ ಜೊತೆ ಸರಿಯಾಗಿ ಮಡಚುವುದಿಲ್ಲ, ಮೇಣದಂತೆ ನಿಂತಿರುತ್ತದೆ. ಆ ಮೇಲ್ದುಟಿ ಕಂಪ್ಯೂಟರಿನದು, ಆ ದೃಶ್ಯ ವೀಡನ್ ಅವರದು.

ನಂತರ ಬಾಯಿ ಕಾಣದ ಮಾತುಗಳನ್ನು ಹಿಡಿಯಿರಿ. ಪಾತ್ರ ಬೆನ್ನು ತಿರುಗಿಸಿದಾಗಲೋ, ದೂರದ ಶಾಟ್‌ನಲ್ಲೋ ಕಥೆ ವಿವರಿಸುವ ಒಂದು ಸಾಲು ಕಿವಿಗೆ ಬಿದ್ದರೆ ಅದು ಸಂಕಲನದ ಹೊತ್ತಿನಲ್ಲಿ ಬರೆದು ಧ್ವನಿ ಸ್ಟುಡಿಯೋದಲ್ಲಿ ಹೇಳಿಸಿದ್ದಾಗಿರುವ ಸಂಭವ ಹೆಚ್ಚು. ಬಿಡುಗಡೆಗೆ ಮುನ್ನ ನಡೆಯುವ ಪರೀಕ್ಷಾ ಪ್ರದರ್ಶನದಲ್ಲಿ ಪ್ರೇಕ್ಷಕರು ಅಭಿಪ್ರಾಯದ ಕಾರ್ಡಿನಲ್ಲಿ 'ಇಲ್ಲಿ ಅರ್ಥವಾಗಲಿಲ್ಲ' ಎಂದು ಬರೆದಿರುತ್ತಾರೆ, ಅದಕ್ಕೆ ಹಾಕಿದ ತೇಪೆ. ಆ ಕಾರ್ಡಿನಲ್ಲಿ ಅತ್ಯುತ್ತಮದಿಂದ ಕಳಪೆವರೆಗೆ ಐದು ಮನೆಗಳಿದ್ದು, ಮೇಲಿನ ಎರಡಕ್ಕೆ ಎಷ್ಟು ಗುರುತು ಬಿದ್ದಿದೆ ಎಂಬುದರ ಮೇಲೆ ಮುಂದಿನ ಮೀಟಿಂಗ್ ನಡೆಯುತ್ತದೆ. ಅಮೆರಿಕದ ನಿರ್ದೇಶಕರ ಸಂಘದ ಒಪ್ಪಂದದಂತೆ ದೊಡ್ಡ ಚಿತ್ರದಲ್ಲಿ ನಿರ್ದೇಶಕರಿಗೆ ತಮ್ಮ ಕಟ್‌ಗೆ ಸಾಮಾನ್ಯವಾಗಿ 10 ವಾರ ಸಿಗುತ್ತದೆ. ಫೈನಲ್ ಕಟ್, ಅಂದರೆ ಅಂತಿಮ ಆವೃತ್ತಿಯನ್ನು ತೀರ್ಮಾನಿಸುವ ಹಕ್ಕು, ಕರಾರಿನಲ್ಲಿ ಬರೆದಿರದಿದ್ದರೆ ಆಮೇಲಿನ ಕೊನೆಯ ಮಾತು ಸ್ಟುಡಿಯೋದ್ದೇ.

ಇನ್ನು ಯಾವುದು ಸಾಕ್ಷ್ಯವಲ್ಲ ಎಂಬುದು. ರೀಶೂಟ್ ನಡೆಯಿತು ಎಂಬ ಸುದ್ದಿ ಸಾಕ್ಷ್ಯವಲ್ಲ. ಎರಡು ಮೂರು ವಾರದ ಹೆಚ್ಚುವರಿ ಚಿತ್ರೀಕರಣಕ್ಕೆ ಈ ಸರಣಿಗಳಲ್ಲಿ ಮೊದಲೇ ಹಣ ತೆಗೆದಿಟ್ಟಿರುತ್ತಾರೆ. ಟೈಟಲ್‌ನಲ್ಲಿ ಮೂವರು ಸಂಕಲನಕಾರರ ಹೆಸರಿದ್ದರೂ ಗಾಬರಿ ಬೇಡ, ಕೆಲಸದ ಗಾತ್ರವೇ ಅಷ್ಟು. ಸಂಗೀತ ನಿರ್ದೇಶಕರು ಕೊನೇ ಗಳಿಗೆಯಲ್ಲಿ ಬದಲಾದರೆ ಮಾತ್ರ ಕಿವಿ ನಿಮಿರಲಿ. 'ಒಳಗಿನ ಮೂಲಗಳು' ಎಂದು ಪ್ರತಿ ವಾರ ಉಪ್ಪುಖಾರ ಹಚ್ಚಿ ಹೇಳುವ ಚಾನೆಲ್‌ಗಳನ್ನು ದಯವಿಟ್ಟು ನಂಬಬೇಡಿ. ಅವರ ಹಳೆಯ ವಿಡಿಯೋಗಳಲ್ಲಿ ಎಷ್ಟು ನಿಜವಾಯಿತು ಎಂದು ನೀವೇ ಎಣಿಸಿ ನೋಡಿ.

ಗ್ರಾಫಿಕ್ಸ್ ಕಳಪೆಯಾಗಿದ್ದರೆ ವಿಎಫ್‌ಎಕ್ಸ್ ಹುಡುಗರ ಮೇಲೆ ಗೂಬೆ ಕೂರಿಸುವುದು ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಸಂಗತಿ. ಲೆಕ್ಕ ನೋಡಿ. 10 ಸೆಕೆಂಡಿನ ಶಾಟ್ ಎಂದರೆ ಸೆಕೆಂಡಿಗೆ 24 ಚಿತ್ರದಂತೆ 240 ಫ್ರೇಮ್. ಎರಡೂ ತುದಿಗೆ 8 ಫ್ರೇಮ್ ಹ್ಯಾಂಡಲ್ (ಕಟ್ ಸರಿಸಲು ಬಿಡುವ ಹೆಚ್ಚುವರಿ ಅಂಚು) ಸೇರಿಸಿ 256 ಫ್ರೇಮ್ ಕಳಿಸುತ್ತಾರೆಂದುಕೊಳ್ಳಿ. ಸಂಕಲನಕಾರರು ಕಟ್ಟನ್ನು 6 ಫ್ರೇಮ್ ಸರಿಸಿದರೆ ಹ್ಯಾಂಡಲ್ ಒಳಗೇ ಕೆಲಸ ಮುಗಿಯುತ್ತದೆ. 12 ಫ್ರೇಮ್ ಎಳೆದರೆ ಹೊಸ ಫ್ರೇಮ್ ತರಿಸಿ ಮ್ಯಾಚ್‌ಮೂವ್ (ಕ್ಯಾಮೆರಾ ಚಲನೆಯನ್ನು ಕಂಪ್ಯೂಟರಿನಲ್ಲಿ ಹೊಂದಿಸುವುದು), ರೋಟೋ (ಆಕೃತಿಯ ಅಂಚನ್ನು ಫ್ರೇಮ್ ಫ್ರೇಮ್ ಕತ್ತರಿಸಿ ಬೇರ್ಪಡಿಸುವುದು), ಅನಿಮೇಶನ್, ಲೈಟಿಂಗ್, ಕಾಂಪ್ (ಎಲ್ಲ ಪದರ ಸೇರಿಸಿ ಒಂದೇ ಚಿತ್ರವಾಗಿಸುವುದು) ಎಲ್ಲದರಲ್ಲೂ ಮತ್ತೆ ಕೈಹಾಕಬೇಕು. ಇಡೀ ದೃಶ್ಯವೇ ಬದಲಾದರೆ ಹಳೆಯದೆಲ್ಲ ಕಸದ ಬುಟ್ಟಿಗೆ. 2019ರ 'ಅವೆಂಜರ್ಸ್: ಎಂಡ್‌ಗೇಮ್'ನಂಥ ಚಿತ್ರದಲ್ಲಿ ಇಂಥ ಶಾಟ್‌ಗಳು ಎರಡು ಸಾವಿರಕ್ಕೂ ಹೆಚ್ಚು. ಬಿಡುಗಡೆಗೆ ಮೂರು ವಾರವಿದ್ದಾಗ ಬದಲಾವಣೆ ಬಂದರೆ ಬಟ್ಟೆಯ ಸುಕ್ಕು, ನೆಲದ ನೆರಳು, ಚರ್ಮದ ಮೇಲಿನ ಬೆಳಕು ಇವಕ್ಕೆಲ್ಲ ಸಮಯವಿರುವುದಿಲ್ಲ. ಅದಕ್ಕೇ ಪಾತ್ರ ರಬ್ಬರಿನಂತೆ ಕಾಣುವುದು. ರೋಟೋ, ಪೇಂಟ್ (ತಂತಿಯಂಥ ಬೇಡದ ವಸ್ತುಗಳನ್ನು ಅಳಿಸುವುದು) ಕೆಲಸದ ದೊಡ್ಡ ಪಾಲು ನಡೆಯುವುದು ಭಾರತದಲ್ಲಿ. ಅಂಧೇರಿ, ಗೋರೆಗಾಂವಿನಲ್ಲಿ ರಾತ್ರಿ ಪಾಳಿ ಮಾಡುವವರಲ್ಲಿ ನಿಮ್ಮ ಪಕ್ಕದ ಬಿಲ್ಡಿಂಗಿನ ಮಕ್ಕಳೂ ಇದ್ದಾರು. ನಿರ್ಧಾರ ತಡ ಮಾಡಿದವರನ್ನು ಬೈಯಿರಿ. ತಡ ಮಾಡುವವರಲ್ಲಿ ನಿರ್ದೇಶಕರೂ ಇರುತ್ತಾರೆ.

ಹಾಗಿದ್ದರೆ ನಿರ್ದೇಶಕರಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ಎಲ್ಲ ಸರಿಹೋಗುತ್ತದಲ್ಲವೇ? (ಪಿಂಪ್ರಿ)

ಇಲ್ಲ. 2019ರ 'ಜೋಕರ್' ಕಡಿಮೆ ಬಜೆಟ್ಟಿನಲ್ಲಿ ನೂರು ಕೋಟಿ ಡಾಲರ್ ದಾಟಿತು. ಅದೇ ನಿರ್ದೇಶಕರಿಗೆ ಹಲವು ಪಟ್ಟು ಹಣ ಕೊಟ್ಟು ಬಿಟ್ಟ 2024ರ ಎರಡನೇ ಭಾಗ ಮಕಾಡೆ ಮಲಗಿತು.

ಎರಡು ದಿನದ ಕಾರ್ಯಾಗಾರದಲ್ಲಿ 'ಫೈನಲ್ ಕಟ್' ಗಿಟ್ಟಿಸುವ ಕರಾರು ಬರೆಯಲು ಕಲಿಸುತ್ತಾರಂತೆ. ಹಣ ಕಟ್ಟಲೇ? (ಕೊಥ್ರೂಡ್, ಪುಣೆ)

ಕಟ್ಟಬೇಡಿ. ಮೊದಲ ಚಿತ್ರಕ್ಕೆ ಫೈನಲ್ ಕಟ್ ಕೊಡಿಸುತ್ತೇನೆ ಎನ್ನುವವರು ನಿಮ್ಮ ಆಸೆಯನ್ನು ಮಾರಿ ಹೊಟ್ಟೆ ಹೊರೆಯುತ್ತಿದ್ದಾರೆ.

ನಮ್ಮ ದೇಶದಲ್ಲಿ ನಿರ್ದೇಶಕರೇ ಚಿತ್ರದ ಕರ್ತೃ ಅಲ್ಲವೇ? ಪಣಜಿಯ ಇಫಿ (ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ)ಯಲ್ಲಿ ನಿರ್ದೇಶಕರ ಹೆಸರೇ ಮೊದಲು ಹೇಳುತ್ತಾರೆ. (ಮಡಗಾಂವ್)

ಉತ್ಸವದ ಮರ್ಯಾದೆ ಬೇರೆ, ಕಾನೂನು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ಮಾಪಕ. ಮುಖ್ಯ ನಿರ್ದೇಶಕರನ್ನೂ ಜಂಟಿ ಕರ್ತೃವಾಗಿಸುವ ಪ್ರಸ್ತಾಪ 2010ರ ತಿದ್ದುಪಡಿ ಮಸೂದೆಯಲ್ಲಿತ್ತು, 2012ರಲ್ಲಿ ತಿದ್ದುಪಡಿ ಜಾರಿಯಾಗುವಾಗ ಅದನ್ನು ಕೈಬಿಟ್ಟಿದ್ದರು. ಕೃತಿಯನ್ನು ವಿಕೃತಗೊಳಿಸಿದರೆ ಆಕ್ಷೇಪಿಸುವ 57ನೇ ಕಲಮಿನ ಹಕ್ಕೂ 'ಕರ್ತೃ'ವಿಗೇ ಸಲ್ಲುವುದರಿಂದ ನಿರ್ದೇಶಕರ ನೆಲೆ ದುರ್ಬಲ. ಇದರ ಫಲ 2025ರ ಆಗಸ್ಟ್‌ನಲ್ಲಿ ಕಣ್ಣೆದುರಿಗೇ ಬಂತು. 2013ರ ಹಿಂದಿ ಚಿತ್ರ 'ರಾಂಝಣಾ'ದ ತಮಿಳು ಆವೃತ್ತಿಯ ಅಂತ್ಯವನ್ನು ನಿರ್ಮಾಣ ಸಂಸ್ಥೆಯವರು ಎಐ ಬಳಸಿ ಬದಲಿಸಿ ಮರುಬಿಡುಗಡೆ ಮಾಡಿದರು. ನಿರ್ದೇಶಕ ಆನಂದ್ ಎಲ್. ರಾಯ್, ನಾಯಕ ಧನುಷ್ ಇಬ್ಬರೂ ವಿರೋಧಿಸಿದರು, ಚಿತ್ರ ಬಂದೇಬಂತು. ಹಾಲಿವುಡ್ ಸ್ಟುಡಿಯೋಗಳನ್ನು ದೂರುವ ನಮ್ಮ ಓದುಗರು ಇದರ ಬಗ್ಗೆ ಒಂದು ಪತ್ರವನ್ನೂ ಬರೆಯಲಿಲ್ಲ ಎಂಬುದು ನನಗೆ ಬೇಸರದ ವಿಷಯ.

ನೀವೇ ಚಿತ್ರ ಮಾಡಲು ಹೊರಟಿದ್ದರೆ ಸಹಿಗೆ ಮುನ್ನ ಕರಾರಿನಲ್ಲಿ ಇಷ್ಟು ಬರೆಸಿಕೊಳ್ಳಿ. ನಿಮ್ಮ ಕಟ್‌ಗೆ ಎಷ್ಟು ವಾರ ಎಂಬುದು ಅಂಕಿಯಲ್ಲಿ ಇರಲಿ. 'ಸಾಕಷ್ಟು ಸಮಯ' ಎಂಬ ಪದಕ್ಕೆ ಒಪ್ಪಬೇಡಿ. ಬೇರೆಯವರಿಂದ ದೃಶ್ಯ ತೆಗೆಸುವುದಾದರೆ ಮೊದಲು ನಿಮಗೆ ಲಿಖಿತವಾಗಿ ತಿಳಿಸಬೇಕು. ಒಪ್ಪಿಗೆಯಾಗದ ಆವೃತ್ತಿಯಿಂದ ಹೆಸರು ತೆಗೆಸುವ ಹಕ್ಕು ನಿಮಗಿರಬೇಕು. ಡಬ್ಬಿಂಗ್, ಮರುಬಿಡುಗಡೆ, ಎಐ ಬದಲಾವಣೆ ಈ ಮೂರಕ್ಕೂ ನಿಮ್ಮ ಒಪ್ಪಿಗೆ ಬೇಕೆಂದು ಬೇರೆ ಬೇರೆ ಸಾಲಿನಲ್ಲಿ ಬರೆಸಿ. ಒಂದೇ ಸಾಲಿನಲ್ಲಿದ್ದರೆ ಚೌಕಾಸಿಯಲ್ಲಿ ಮೂರೂ ಒಟ್ಟಿಗೆ ಹೋಗುತ್ತವೆ. ಚಿತ್ರಕಥೆ ನಿಮ್ಮದೇ ಆಗಿದ್ದರೆ ಅಂಧೇರಿಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಶನ್‌ನಲ್ಲಿ ಆನ್‌ಲೈನ್ ನೋಂದಣಿ ಮಾಡಿಸಿ, ಆಮೇಲಷ್ಟೇ ನಿರ್ಮಾಪಕರಿಗೆ ಮೇಲ್ ಮಾಡಿ.