"ನೀವು ಹಾಗೆ ಹೇಳಲ್ವಲ್ಲಾ ಮಿಸ್"

ನಾನು ಕೌನ್ಸೆಲರ್. ದನಿ ಕೈಕೊಟ್ಟಿದೆ ಅಂತ ನನ್ನ ಹತ್ತಿರ ಬರುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಸಂಗೀತ ಪಾಠ ಹೇಳುವವರು, ಭಜನಾ ಮಂಡಳಿಯವರು, ಸುಗಮ ಸಂಗೀತದವರು, ಶಾಲೆ ಮೇಷ್ಟ್ರುಗಳು. ಹೆಚ್ಚಿನವರನ್ನು ಯಾರೋ ಕಳಿಸಿರುತ್ತಾರೆ: "ಗಂಟಲಲ್ಲಿ ಏನೂ ಇಲ್ಲ, ಎಲ್ಲಾ ಟೆನ್ಷನ್ನು, ಕೌನ್ಸೆಲಿಂಗ್‌ಗೆ ಹೋಗಿ." ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂತ ಹೇಳಲಿಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.

ಅವರನ್ನು ಸುಮಾ ಅನ್ನೋಣ. ನಲವತ್ತು ದಾಟಿದ ಕರ್ನಾಟಕ ಸಂಗೀತದ ಗಾಯಕಿ. ಮನೆಯಲ್ಲಿ ಪಾಠ, ರಾಮನವಮಿ, ಗಣೇಶನ ಹಬ್ಬ, ನವರಾತ್ರಿ ಬಂದರೆ ಕಛೇರಿ. ಒಂದು ಸಲ ನೆಗಡಿ ಕೆಮ್ಮು ಇದ್ದಾಗಲೂ ಒಪ್ಪಿಕೊಂಡ ಕಾರ್ಯಕ್ರಮ ಬಿಡದೆ ಹಾಡಿದರು. ಆಮೇಲೆ ದನಿ ಒಡೆಯಲು ಶುರುವಾಯಿತು. ಇಎನ್‌ಟಿ ಡಾಕ್ಟರು ಕ್ಯಾಮೆರಾ ಹಾಕಿ ನೋಡಿದಾಗ ಎರಡೂ ಧ್ವನಿತಂತುಗಳ ಮೇಲೆ ಸಣ್ಣ ಗಂಟು. ವೀಣೆ ನುಡಿಸುವವರ ಬೆರಳಿಗೆ ಜಡ್ಡು ಕಟ್ಟುತ್ತದಲ್ಲ, ಆ ಥರದ್ದು. ಇದರಲ್ಲಿ ಆಶ್ಚರ್ಯ ಏನಿಲ್ಲ. ಐದೂವರೆ ಮನೆ ಶ್ರುತಿಯಲ್ಲಿ (ಮನೆ ಅಂದರೆ ಹಾರ್ಮೋನಿಯಂನ ಮನೆ, ಸಂಖ್ಯೆ ಹೆಚ್ಚಿದಷ್ಟೂ ಶ್ರುತಿ ಮೇಲೆ) ಹೆಂಗಸರು ತಾರಷಡ್ಜ, ಅಂದರೆ ಮೇಲಿನ ಸ, ಹಿಡಿದರೆ ಆ ತಂತುಗಳು ಸೆಕೆಂಡಿಗೆ 400ಕ್ಕೂ ಹೆಚ್ಚು ಸಲ ಒಂದಕ್ಕೊಂದು ಬಡಿಯುತ್ತವೆ. ಇವರು ಮಕ್ಕಳ ಜೊತೆ ದಿನಾ ಸಂಜೆ ಅದನ್ನೇ ಗಂಟೆಗಟ್ಟಲೆ ಮಾಡುತ್ತಿದ್ದರು.

ಇಂಥ ಗಂಟಿಗೆ ಸಾಮಾನ್ಯವಾಗಿ ಮೊದಲೇ ಆಪರೇಷನ್ ಮಾಡುವುದಿಲ್ಲ, ದನಿಯ ಥೆರಪಿ ಕೊಡುತ್ತಾರೆ. ಸುಮಾ ಅದನ್ನು ಶಿಸ್ತಾಗಿ ಮಾಡಿದರು. ಗಂಟು ಹೋಯಿತು. ದನಿ ಮಾತ್ರ ಪೂರ್ತಿ ಬರಲಿಲ್ಲ. ಒಂದು ದಿನ ಚೆನ್ನಾಗಿರುತ್ತೆ, ಮಾರನೇ ದಿನ ಮೇಲಿನ ಸ್ವರಕ್ಕೆ ಹೋದರೆ ಬರೀ ಗಾಳಿ. "ಎಲ್ಲಾ ತಲೆಯಲ್ಲಿದೆ" ಅನ್ನುವ ತೀರ್ಪು ಬಂದದ್ದು ಆಗ. ದನಿ ಕೆಟ್ಟಿದ್ದ ತಿಂಗಳುಗಳಲ್ಲಿ ಕತ್ತಿನ ಸ್ನಾಯುಗಳು ಬಿಗಿಹಿಡಿದು ಹಾಡಿಸುವುದನ್ನು ರೂಢಿ ಮಾಡಿಕೊಂಡಿರುತ್ತವೆ, ಗಂಟು ಹೋದ ಮೇಲೂ ಆ ರೂಢಿ ಉಳಿಯಬಹುದು. ಹೆದರಿದರೆ ಬಿಗಿತ ಹೆಚ್ಚುತ್ತದೆ, ಅದು ನಿಜ. ಹಾಗಂತ ಅದು ಕಲ್ಪನೆ ಅಲ್ಲ. ಹಾಗಾಗಿ ಮೊದಲ ಭೇಟಿಯಲ್ಲೇ ಅವರನ್ನು ವಾಪಸ್ ದನಿಯ ಥೆರಪಿಸ್ಟ್ ಹತ್ತಿರ ಕಳಿಸಿದೆ. ನನ್ನ ಹತ್ತಿರ ಬನ್ನಿ, ಆದರೆ ಅದನ್ನು ಬಿಟ್ಟು ಬರಬೇಡಿ ಅಂದೆ.

ಸುತ್ತಲಿನವರ ಸಲಹೆಗಳಿಗೆ ಲೆಕ್ಕ ಇರಲಿಲ್ಲ. ಜ್ಯೇಷ್ಠಮಧು, ಕಲ್ಲುಸಕ್ಕರೆ, ಕಾಳುಮೆಣಸಿನ ಕಷಾಯ. ಕುಡಿಯಿರಿ, ಹಿತವಾಗಿರುತ್ತದೆ. ಆದರೆ ನುಂಗಿದ್ದು ಹೋಗುವುದು ಅನ್ನನಾಳಕ್ಕೆ, ಧ್ವನಿತಂತು ಇರುವುದು ಉಸಿರಿನ ದಾರಿಯಲ್ಲಿ. ಕಷಾಯ ಅಲ್ಲಿಗೇನಾದರೂ ಇಳಿದರೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬರುತ್ತೆ, ಅಷ್ಟೇ. ಗಂಡ ಒಳ್ಳೆಯ ಮನಸ್ಸಿನಿಂದಲೇ "ಅಷ್ಟು ಕಷ್ಟ ಇದ್ದರೆ ಬಿಟ್ಟುಬಿಡು, ಯಾರು ಹಾಡು ಅಂದರು?" ಅಂದಿದ್ದರು. ಆ ಮಾತಿಗೆ ಇವರು ಒಂದು ವಾರ ಮಾತು ಬಿಟ್ಟಿದ್ದರು. ಇನ್ನು ಸಮಾಧಾನ ಹೇಳುವವರೆಲ್ಲ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಉದಾಹರಣೆ ಕೊಡುತ್ತಿದ್ದರು. 1930ರ ದಶಕದ ಅವರ ಗ್ರಾಮಫೋನ್ ಪ್ಲೇಟುಗಳಲ್ಲಿ ಕೇಳುವ ತೆಳು ದನಿ ಬೇರೆ, ಗಂಟಲಿನ ಚಿಕಿತ್ಸೆ ಆದಮೇಲೆ ಬಂದ ಆ ಗಡಸು ದನಿ ಬೇರೆ, ನಿಜ. ಆದರೆ ಸಂಜೆ ಆರಕ್ಕೆ ಮಕ್ಕಳು ಪಾಠಕ್ಕೆ ಬರುತ್ತಾರೆ ಅಂತ ಹೆದರಿ ಕೂತವರಿಗೆ ಗಂಗೂಬಾಯಿ ಆಗು ಅಂದರೆ ಏನು ಮಾಡಿಯಾರು? ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ.

ಮೊದಲ ಕೆಲವು ಭೇಟಿಗಳಲ್ಲಿ ಗೊತ್ತಾದದ್ದು ಒಂದು ಅಭ್ಯಾಸ. ಬೆಳಿಗ್ಗೆ ಎದ್ದ ತಕ್ಷಣ, ಇನ್ನೂ ಹಾಸಿಗೆಯಲ್ಲೇ, ಸಣ್ಣಗೆ ತಾರಷಡ್ಜ ಹಾಕಿ ನೋಡುವುದು. ಬಂದರೆ ಆ ದಿನ ಒಳ್ಳೆಯದು. ಬರಲಿಲ್ಲ ಅಂದರೆ ಕಾಫಿಯೂ ಸೇರುವುದಿಲ್ಲ. ನಿದ್ದೆಯಿಂದ ಎದ್ದ ದನಿ ಯಾರಿಗೂ ನೆಟ್ಟಗಿರುವುದಿಲ್ಲ ಅಂತ ಅವರಿಗೇ ಗೊತ್ತು. ಆದರೂ ಪರೀಕ್ಷೆ ತಪ್ಪುತ್ತಿರಲಿಲ್ಲ.

ಒಂದು ದಿನ ಬಂದವರು ಕೂತ ಕೂಡಲೇ ನಗಲು ಶುರು ಮಾಡಿದರು. ಒಂಬತ್ತು ವರ್ಷದ ಒಬ್ಬ ಹುಡುಗಿಯನ್ನು ಸ್ಪರ್ಧೆಗೆ ತಯಾರು ಮಾಡುತ್ತಿದ್ದರಂತೆ. ಕಲ್ಯಾಣಿ ರಾಗದ ಒಂದು ಕೃತಿ. ಅದರ ಎರಡನೇ ಭಾಗವಾದ ಅನುಪಲ್ಲವಿಯಲ್ಲಿ ತಾರಸ್ಥಾಯಿ ಗಾಂಧಾರ, ಅಂದರೆ ಮೇಲಿನ ಗ, ಮುಟ್ಟಬೇಕು. ಹುಡುಗಿ ಅದರ ಕೆಳಗಿನ ರಿಷಭದವರೆಗೆ ಹೋಗಿ, ಅರ್ಧ ಅಕ್ಷರ ನಿಲ್ಲಿಸಿ, ಒಂದು ಸಣ್ಣ ಜಾರು ಹಾಕಿ ಕೆಳಗೆ ಬಂದುಬಿಟ್ಟಳು. ಅದೂ ಬಹಳ ಚೆಂದವಾಗಿ, ತಾಳ ತಪ್ಪದೆ.

"ಅಲ್ಲಿ ಗಾಂಧಾರ ಮುಟ್ಟಬೇಕಲ್ವೇನೇ ಅಂದೆ ಮೇಡಂ. ಅದಕ್ಕೆ ಅವಳು, 'ನೀವು ಹಾಗೆ ಹೇಳಲ್ವಲ್ಲಾ ಮಿಸ್' ಅಂದಳು."

ನಗು ಅಲ್ಲಿಗೆ ನಿಂತಿತು. ಆಮೇಲೆ ತುಂಬಾ ಹೊತ್ತು ಅತ್ತರು.

ಆಗಿದ್ದು ಇಷ್ಟು. ಆ ಗಾಂಧಾರ ಒಡೆಯುತ್ತದೆ ಅಂತ ಒಂದು ವರ್ಷದಿಂದ ಇವರು ಅದನ್ನು ಮುಟ್ಟದೆ ದಾಟಿಸುತ್ತಿದ್ದರು. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದರು. ಹುಡುಗಿಗೆ ಅದೇ ಪಾಠಾಂತರ, ಅಂದರೆ ಗುರುವಿನಿಂದ ಬಂದ ಪಾಠ, ಆಗಿಬಿಟ್ಟಿತ್ತು.

"ಅವಳಿಗೆ ಏನು ಹೇಳಿದಿರಿ?" ಅಂತ ಕೇಳಿದೆ.

"ಇವತ್ತು ಸಾಕು ಅಂತ ಕಳಿಸಿಬಿಟ್ಟೆ."

"ನನಗೆ ಗಂಟಲು ಸರಿ ಇಲ್ಲ, ಅದಕ್ಕೇ ಹಾಗೆ ಹಾಡುತ್ತಿದ್ದೆ, ನೀನು ಪೂರ್ತಿ ಹಾಡು ಅಂತ ಹೇಳಬಹುದಿತ್ತಲ್ಲ?"

"ಹೇಳಿದರೆ ಅವಳು ಅಮ್ಮನಿಗೆ ಹೇಳ್ತಾಳೆ. ಅಮ್ಮ ಬೇರೆ ಅಮ್ಮಂದಿರಿಗೆ ಹೇಳ್ತಾರೆ. ದನಿ ಇಲ್ಲದ ಟೀಚರ್ ಹತ್ತಿರ ಯಾರು ಮಕ್ಕಳನ್ನ ಕಳಿಸ್ತಾರೆ ಮೇಡಂ?"

ಆ ಭಯಕ್ಕೆ ಅರ್ಥ ಇತ್ತು, ಪಾಠದ ಫೀಸಿನಿಂದಲೇ ಮಗನ ಕಾಲೇಜು ಖರ್ಚು ನಡೆಯುತ್ತಿತ್ತು. ಹಾಗಾಗಿ ಏನೂ ಆಗಲ್ಲ ಬಿಡಿ ಅಂತ ನಾನು ಹೇಳಲಿಲ್ಲ. ಒಬ್ಬಿಬ್ಬರು ಬಿಟ್ಟು ಹೋಗಬಹುದು ಅಂತಲೇ ಹೇಳಿದೆ. ಆದರೂ ಹೇಳಿ ಅಂದೆ. ದೊಡ್ಡ ವಿಷಯ ಮಾಡಿ ಎಲ್ಲರನ್ನೂ ಕೂರಿಸಿ ಅಲ್ಲ, ಆ ಹುಡುಗಿಗೆ, ಆ ಒಂದು ಸ್ವರದ ಬಗ್ಗೆ. ಮೇಲಿನ ಸ್ವರಗಳನ್ನು ಹಾರ್ಮೋನಿಯಂನಲ್ಲಿ ತೋರಿಸಿ, ಇಲ್ಲವೇ ದೊಡ್ಡ ಮಕ್ಕಳ ಕೈಲಿ ಹಾಡಿಸಿ. ಬೆಳಗಿನ ಪರೀಕ್ಷೆ ನಿಲ್ಲಿಸಿ, ಥೆರಪಿಸ್ಟ್ ಕೊಟ್ಟ ಸ್ಟ್ರಾದಲ್ಲಿ ನೀರಿಗೆ ಊದುವ ಅಭ್ಯಾಸ ಆಗುವ ತನಕ ಒಂದು ಸ್ವರವನ್ನೂ ಹಾಡಬೇಡಿ. ಶ್ರುತಿ ಇಳಿಸುವ ವಿಚಾರ ನಿಮ್ಮ ಗುರುಗಳ ಹತ್ತಿರ ಮಾತಾಡಿ. ಅಲ್ಲಿಯವರೆಗೆ ಗುರುಗಳಿಗೂ ಅವರು ಏನೂ ಹೇಳಿರಲಿಲ್ಲ!

ಈ ಸಲಹೆ ತಪ್ಪು ಅಂತ ನನ್ನ ಪರಿಚಯದ ಸಂಗೀತಗಾರರೊಬ್ಬರು ವಾದ ಮಾಡಿದರು. ಗುರುವೇ ನನಗಾಗಲ್ಲ ಅಂದರೆ ಶಿಷ್ಯರಿಗೆ ನಂಬಿಕೆ ಹೋಗುತ್ತದೆ, ಸಂಗೀತ ಗೊತ್ತಿಲ್ಲದ ನೀವು ಇದರಲ್ಲಿ ತಲೆಹಾಕಬಾರದು ಅಂತ. ಸಂಗೀತ ನನಗೆ ಗೊತ್ತಿಲ್ಲ, ಒಪ್ಪಿದೆ. ಆದರೆ ಮುಚ್ಚಿಡುವುದು ಎಷ್ಟು ದಣಿಸುತ್ತದೆ ಅನ್ನುವುದು ಗೊತ್ತು. ಪ್ರತಿ ಸಾಲಿನಲ್ಲೂ ಮುಂದಿನ ಗಾಂಧಾರ ಎಲ್ಲಿ ಬರುತ್ತೆ, ಹೇಗೆ ದಾಟಲಿ ಅಂತ ಕಾಯುತ್ತಾ ಹಾಡುವವರ ಕತ್ತು ಸಡಿಲ ಆಗುವುದಾದರೂ ಹೇಗೆ? ಥೆರಪಿಸ್ಟ್ ಬೆಳಿಗ್ಗೆ ಬಿಡಿಸಿದ ಬಿಗಿತವನ್ನು ಇವರು ಸಂಜೆ ಪಾಠದಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಇನ್ನು ನಂಬಿಕೆಯ ಮಾತು. ತಪ್ಪು ಪಾಠ ಕಲಿತ ಮಗುವಿಗೆ ಮುಂದೊಂದು ದಿನ ಅದು ತಪ್ಪು ಅಂತ ಬೇರೆ ಯಾರೋ ಹೇಳಿದಾಗ ಆ ನಂಬಿಕೆ ಉಳಿಯುತ್ತಾ?

ಇಲ್ಲಿ ಓದುತ್ತಿರುವ ಹಾಡುಗಾರರಿಗೆ, ಟೀಚರುಗಳಿಗೆ ಒಂದು ಮಾತು. ದನಿ ಒಡಕು ಎರಡು ಮೂರು ವಾರ ದಾಟಿದರೆ ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಗಂಟಲೊಳಗೆ ನೋಡಿಸಿ, ಆಮೇಲೆ ನನ್ನಂಥವರ ಹತ್ತಿರ ಬನ್ನಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ, ದನಿಗೂ ಅಲ್ಲಿ ಚಿಕಿತ್ಸೆ ಇದೆ. ಪದೇ ಪದೇ ಗಂಟಲು ಕೆರೆದು ಸರಿಮಾಡಿಕೊಳ್ಳುವುದು ಬಿಡಿ. ದನಿಗೆ ರೆಸ್ಟ್ ಕೊಡುತ್ತೇನೆ ಅಂತ ಒತ್ತಿ ಪಿಸುಗುಡುವುದೂ ಬೇಡ, ಅದರಿಂದಲೂ ಗಂಟಲಿಗೆ ದಣಿವೇ.

ಸುಮಾ ಹುಡುಗಿಗೆ ಹೇಳಿದರು. ಅವಳು "ಓ, ಅಷ್ಟೇನಾ ಮಿಸ್" ಅಂದು ಗಾಂಧಾರ ಹಾಡಿದಳಂತೆ. ಒಬ್ಬ ತಾಯಿ ಮಗಳನ್ನು ಬಿಡಿಸಿದರು, ಕಾರಣ ಹೇಳಲಿಲ್ಲ. ಗುರುಗಳು ಇಷ್ಟು ದಿನ ಹೇಳದೇ ಇದ್ದದ್ದಕ್ಕೆ ಚೆನ್ನಾಗಿ ಬೈದು, ಶ್ರುತಿಯನ್ನು ನಾಲ್ಕೂವರೆಗೆ ಇಳಿಸಿಕೊಟ್ಟರು. ದನಿ ಈಗಲೂ ಕೆಲವು ದಿನ ಒಡೆಯುತ್ತದೆ. ಈ ನವರಾತ್ರಿಗೆ ಒಂದೇ ಕಛೇರಿ, ಒಂದು ಗಂಟೆಯದ್ದು, ಒಪ್ಪಿಕೊಂಡಿದ್ದಾರೆ. ಅವರಿಗೆ ಇನ್ನೊಂದನ್ನೂ ಒಪ್ಪಿಕೊಳ್ಳುವ ಆಸೆ. ಬೇಡ ಅಂತ ನಾನು. ಆ ಜಗಳ ಇನ್ನೂ ನಡೆಯುತ್ತಿದೆ.